ಎರಡು ಚಮಚ ನೀರು

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ಕಾರವಾರಕ್ಕೆ ಹೊರಟಿದ್ದೆ. ಅಂಕೋಲಾ ಹತ್ತಿರ ನನ್ನ ಹಳೇ ಡೀಸೆಲ್ ಜೀಪು ಎರಡು ಸಲ ಜಗ್ಗಾಡಿ ನಿಂತೇಬಿಟ್ಟಿತು. ಮೆಕ್ಯಾನಿಕ್ ಬಂದು ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿದ, ಒಂದು ಗಾಜಿನ ಲೋಟ ಹಿಡಿದ. ತಳದಲ್ಲಿ ನೀರು, ಮೇಲೆ ಡೀಸೆಲ್, ಎರಡರ ನಡುವೆ ಕಂದು ಬಣ್ಣದ ಲೋಳೆ. "ಇಷ್ಟೇ ನೋಡಿ ಮಾರಾಯ್ರೆ" ಅಂದ. ನೀರು ಒಂದು ಚಮಚ ಇದ್ದಿರಬಹುದು.

ಕಾರವಾರದ ಕಡೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅದರಲ್ಲೇ ಇಷ್ಟು ವರ್ಷ ಓಡಿದ ಗಾಡಿ ಒಂದು ಚಮಚಕ್ಕೆ ಸೋತಿತು.

ಡೀಸೆಲ್ ಗಾಡಿಗೆ ಹವಾಮಾನದ ಕಾಟ ಅಂದರೆ ಎಲ್ಲರೂ ಮೊದಲು ಹೇಳುವುದು ಚಳಿ. ಡೀಸೆಲ್‌ನಲ್ಲಿ ಸ್ವಲ್ಪ ಮೇಣ ಕರಗಿರುತ್ತದೆ, ಕೊರೆಯುವ ಚಳಿಗೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. 2019ರಲ್ಲಿ ಲಡಾಖ್‌ಗೆಂದು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ಬಂತು. ನಮಗೆ ಆ ಚಿಂತೆ ಇಲ್ಲ. ಶಿರಸಿಯ ಚಳಿಗೆ, ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕು ಸೆಕೆಂಡ್ ಜಾಸ್ತಿ ಹಿಡಿದರೆ ಮುಗಿಯಿತು. ನಮ್ಮ ಕಾಟವೆಲ್ಲ ನೀರಿನದು.

ಟ್ಯಾಂಕಿಗೆ ನೀರು ಎಲ್ಲಿಂದ ಬಂತು? "ಟ್ಯಾಂಕ್ ಖಾಲಿ ಬಿಡಬೇಡಿ, ಒಳಗಿನ ಗಾಳಿ ತಣಿದು ನೀರಾಗುತ್ತದೆ" ಎಂದು ಎಲ್ಲ ಗ್ಯಾರೇಜಿನಲ್ಲೂ ಹೇಳುತ್ತಾರೆ. ಮಾತು ನಿಜ. ಆದರೆ ಎಷ್ಟು ನೀರು? ಒಮ್ಮೆ ಕೂತು ಲೆಕ್ಕ ಹಾಕಿದೆ. ಗಾಡಿ ಓಡುವಾಗ, ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳಿಂದ ಮರಳಿ ಬರುವ ಡೀಸೆಲ್ ಟ್ಯಾಂಕನ್ನು ಬಿಸಿ ಮಾಡುತ್ತದೆ. ರಾತ್ರಿ ಅದು 10 ಡಿಗ್ರಿ ತಣಿಯಿತು ಅಂದುಕೊಳ್ಳಿ. ಟ್ಯಾಂಕಿನಲ್ಲಿ 40 ಲೀಟರ್ ಗಾಳಿ ಇದ್ದರೆ ಅದು ಶೇ. 3ರಷ್ಟು ಕುಗ್ಗುತ್ತದೆ, ಹೊರಗಿನಿಂದ ಒಂದು ಲೀಟರ್ ಚಿಲ್ಲರೆ ಹೊಸ ಗಾಳಿ ಒಳಗೆ ಬರುತ್ತದೆ. 30 ಡಿಗ್ರಿಯ ಪೂರ್ತಿ ತೇವದ ಗಾಳಿಯಲ್ಲೂ ಲೀಟರಿಗೆ 0.03 ಗ್ರಾಂ ನೀರು ಮಾತ್ರ. ಅಂದರೆ ರಾತ್ರಿಗೆ ಜಾಸ್ತಿ ಎಂದರೆ 0.04 ಗ್ರಾಂ. ಮಳೆಗಾಲದ 120 ರಾತ್ರಿಗೆ ಐದು ಗ್ರಾಂ. ಟೀ ಚಮಚದಲ್ಲಿ ಒಂದು ಚಮಚ!

ಹಾಗಾಗಿ ಟ್ಯಾಂಕ್ ತುಂಬಿಸುವುದಕ್ಕಿಂತ ಮೊದಲು ನಾನು ನೋಡುವುದು ಮುಚ್ಚಳದ ರಬ್ಬರು. ಅದು ಒಡೆದಿದ್ದರೆ ಒಂದೇ ಮಳೆಗೆ ಅದಕ್ಕಿಂತ ಎಷ್ಟೋ ಪಟ್ಟು ನೀರು ಒಳಗೆ ಹೋಗುತ್ತದೆ. ನನ್ನ ಗಾಡಿಯದ್ದು ಒಡೆದೇ ಇತ್ತು. ಅಡಿಕೆ ಚೀಲಕ್ಕೆ ತೇವ ತಾಗದ ಹಾಗೆ ಹಗಲಿರುಳು ಕಾಯುವವನಿಗೆ ಅಂಗೈಯಗಲದ ರಬ್ಬರು ಕಂಡಿರಲಿಲ್ಲ.

ಒಂದು ಚಮಚ ಅಷ್ಟೇ ತಾನೆ ಅನ್ನಿಸಬಹುದು. ಆ ಲೋಳೆ ನೆನಪಿದೆಯಲ್ಲ? ಅದರಲ್ಲಿ ಜೀವ ಇತ್ತು. ಮಳೆಗಾಲದಲ್ಲಿ ಚಪ್ಪಲಿಗೆ, ಕಂಬಳಿಗೆ ಹಿಡಿಯುವ ಬೂಷ್ಟಿನ ಹಾಗೆ ಡೀಸೆಲ್‌ಗೂ ಒಂದು ಬೂಷ್ಟಿದೆ. ಹೆಸರು ಅಮಾರ್ಫೊಥೀಕಾ ರೆಸಿನೇ. ವಾಸ ನೀರಿನಲ್ಲಿ, ಊಟ ಡೀಸೆಲ್. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ತಳಕ್ಕೆ ಹೋಗಿ ಕೂರುತ್ತದೆ. ಬೂಷ್ಟು ಎರಡೂ ಸೇರುವ ಗಡಿಯಲ್ಲಿ ಸಂಸಾರ ಹೂಡುತ್ತದೆ. ಅದರ ಲೋಳೆ ಫಿಲ್ಟರ್ ಕಟ್ಟುತ್ತದೆ. ಫಿಲ್ಟರ್ ದಾಟಿದ ನೀರು ಇನ್ನೂ ಕೆಟ್ಟದ್ದು. ನಾಜಲ್‌ಗಳಿಗೆ ಡೀಸೆಲ್ ನೂಕುವ ಇಂಜೆಕ್ಷನ್ ಪಂಪಿನ ಒಳಗೆ ಲೋಹಕ್ಕೂ ಲೋಹಕ್ಕೂ ಇರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲ ದಪ್ಪವೇ 70 ಮೈಕ್ರಾನ್ ಆಸುಪಾಸು. ಆ ಸಂದಿಗೆ ಜಿಡ್ಡು ಕೊಡುವುದು ಡೀಸೆಲ್ಲೇ. ನೀರಿಗೆ ಜಿಡ್ಡಿಲ್ಲ, ತುಕ್ಕು ಮಾತ್ರ ಗೊತ್ತು. ಫಿಲ್ಟರ್ ಸ್ಕ್ರೂ ಬಿಚ್ಚಿ ನೀರು ಬಿಡುವುದಕ್ಕೆ ಐದು ನಿಮಿಷ, ಪಂಪ್ ಬಿಚ್ಚಿದರೆ ಸಾವಿರಗಟ್ಟಲೆ ಖರ್ಚು.

ಎರಡನೇ ಚಮಚ ಬ್ರೇಕಿನಲ್ಲಿದೆ. ಶಿರಸಿ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು ಎತ್ತರದಲ್ಲಿದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ 1500 ಕಿಲೋ ತೂಕದ ಗಾಡಿ ಆ ಎತ್ತರವನ್ನೆಲ್ಲ ಕಳೆದುಕೊಳ್ಳುತ್ತದೆ. ಅಷ್ಟು ಶಕ್ತಿಯಲ್ಲಿ 28 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ದೊಡ್ಡ ಬಕೆಟ್ ತುಂಬಾ ಸ್ನಾನದ ನೀರು! ಸ್ವಲ್ಪ ಗಾಳಿಗೆ, ಸ್ವಲ್ಪ ಇಂಜಿನ್ನಿಗೆ ಹೋಗುತ್ತದೆ, ಉಳಿದದ್ದೆಲ್ಲ ಬ್ರೇಕಿನ ಬಿಸಿ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಎನ್ನುವ ಮಾಮೂಲಿ ನಮೂನೆ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇ. 3.7ರಷ್ಟು ನೀರು ಕುಡಿದರೆ ಅದೇ ಲೆಕ್ಕ 140ಕ್ಕೆ ಇಳಿಯುತ್ತದೆ. ಅರ್ಧ ಲೀಟರಿಗೆ 18 ಗ್ರಾಂ ನೀರು, ಊಟದ ಚಮಚದಲ್ಲಿ ಒಂದೇ ಚಮಚ. ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆ. ಗುಳ್ಳೆ ಅಮುಕಿದರೆ ಕುಗ್ಗುತ್ತದೆ, ಪೆಡಲ್ ಸುಮ್ನೆ ತಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಟ್ಟದ ನೆತ್ತಿಯಲ್ಲೇ ಎರಡನೇ ಗೇರಿಗೆ ಬನ್ನಿ. ನ್ಯೂಟ್ರಲ್‌ನಲ್ಲಿ ಇಳಿದು ಡೀಸೆಲ್ ಉಳಿಸುತ್ತೇನೆ ಎನ್ನುವವರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಕರಾವಳಿಯ ಉಪ್ಪಿನ ಬಗ್ಗೆ ಒಂದೇ ಮಾತು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿ. ಚಾಸಿಗೆ ಅಂಟಿದ ಉಪ್ಪೂ ಹಾಗೇ, ಮಳೆ ನಿಂತರೂ ಒಣಗುವುದಿಲ್ಲ, ತುಕ್ಕು ತಿನ್ನುತ್ತಲೇ ಇರುತ್ತದೆ. ಬಾವಿ ನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಯುವುದೇ ದಾರಿ.

ಕಾರವಾರದ ಭಾವನಿಗೆ ಇದೆಲ್ಲ ಅತಿಯಾಯಿತು ಅನ್ನಿಸುತ್ತದೆ. ಅವನ ಮನೆ ದಾರಿಗೆ ಮೊಣಕಾಲುದ್ದ ನೀರು ಬಂದಿತ್ತು. "ಡೀಸೆಲ್ ಗಾಡಿ ಭಾವ, ನೀರಲ್ಲೂ ಓಡ್ತು!" ಅಂದ. ಅರ್ಧ ನಿಜ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಅಮುಕಿ ಅಮುಕಿ ಬಿಸಿ ಮಾಡಿ, ಅದರ ಮೇಲೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಳೇ ಪಂಪಿನ ಗಾಡಿಗೆ ಒಮ್ಮೆ ಸ್ಟಾರ್ಟ್ ಆದ ಮೇಲೆ ಕರೆಂಟಿನ ಹಂಗೂ ಅಷ್ಟಾಗಿ ಇಲ್ಲ. ಆ ಅಮುಕುವುದರಲ್ಲೇ ಅಪಾಯ ಇರುವುದು. ಎರಡು ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಎಂದರೆ ಒಂದು ಸಿಲಿಂಡರಿಗೆ 500 ಸಿಸಿ. ಅಮುಕುವ ಪ್ರಮಾಣ 20ಕ್ಕೆ 1 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 26 ಸಿಸಿ. ಊಟದ ಚಮಚದಲ್ಲಿ ಎರಡು ಚಮಚವೂ ಇಲ್ಲ. ಏರ್ ಫಿಲ್ಟರ್ ಬಾಯಿಂದ ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋದರೆ ಪಿಸ್ಟನ್‌ಗೆ ಮೇಲೆ ಬರಲು ಜಾಗವಿಲ್ಲ. ನೀರು ಕುಗ್ಗುವುದಿಲ್ಲ, ಪಿಸ್ಟನ್ನನ್ನು ಮೇಲೆ ನೂಕುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಇದರ ಎರಡು ಪಟ್ಟು ಜಾಗವಾದರೂ ಇರುತ್ತದೆ.

ನಡುನೀರಲ್ಲಿ ಇಂಜಿನ್ ತಾನಾಗಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ತಳ್ಳಿ ಹೊರಗೆ ತಂದು, ಹೀಟರ್ ಪ್ಲಗ್ ಇಲ್ಲವೇ ನಾಜಲ್ ಬಿಚ್ಚಿ, ಕೈಯಲ್ಲಿ ಇಂಜಿನ್ ತಿರುಗಿಸಿದರೆ ನೀರು ಆ ತೂತಿನಿಂದ ಹಾರುತ್ತದೆ. ಇಷ್ಟನ್ನು ಭಾವನಿಗೆ ಹೇಳುತ್ತಾ ನೀರಿನ ಅಂಚಿನಲ್ಲೇ ಜೀಪು ನಿಲ್ಲಿಸಿ ಕೂತಿದ್ದೆ. ಅವನು ನಗುತ್ತಿದ್ದ. ಅಷ್ಟರಲ್ಲಿ ಎದುರಿನಿಂದ ಒಂದು ಕಾರು ಬಂದು ನಡುನೀರಲ್ಲಿ ನಿಂತಿತು. ಸೆಲ್ಫ್ ಕರಕರ ಅನ್ನುವುದು ಇಲ್ಲಿಗೇ ಕೇಳಿತು. ಭಾವ ಕೊಡೆ ಬಿಚ್ಚುವುದನ್ನೂ ಮರೆತು, "ಹೊಡಿಬೇಡ್ರಿ, ಹೊಡಿಬೇಡ್ರಿ" ಎಂದು ಕೂಗುತ್ತಾ ನೀರಿಗಿಳಿದ.