ಹುಳಿ ಬಿಯರಿಗೆ ಕೊಡುವ ಕಾಸು ಯಾವುದಕ್ಕೆ?

ಬೆಲ್ಜಿಯಂನ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಬೂನ್ ಬ್ರೂವರಿಯ 'ಔಡ ಗ್ಯೂಜ್' ಅನ್ನುವ ಹುಳಿ ಬಿಯರ್ ಸಣ್ಣ ಬಾಟಲಿಯಲ್ಲಿ ಕೆಲವೇ ಯೂರೋಗೆ ಸಿಗುತ್ತದೆ. ಮೂರು ವರ್ಷ ಮರದ ಪೀಪಾಯಿಯಲ್ಲಿ ಕೂತ ಬಿಯರ್ ಕೂಡ ಅದರಲ್ಲಿ ಬೆರೆತಿರುತ್ತದೆ. ಬ್ರಸೆಲ್ಸ್‌ನ ಕಾಂತಿಯೋ ಬ್ರೂವರಿಯೂ ಇದೇ ಜಾತಿಯ ಬಿಯರನ್ನು ಹೆಚ್ಚುಕಡಿಮೆ ಇದೇ ರೀತಿಯಲ್ಲಿ ಮಾಡುತ್ತದೆ. ಆದರೆ ಅದು ಸಣ್ಣ ಬ್ರೂವರಿ, ಹೆಸರು ದೊಡ್ಡದು. ಹೊರದೇಶಗಳಲ್ಲಿ ಅದರ ಬಾಟಲಿಗೆ ಜನ ಹಲವು ಪಟ್ಟು ದುಡ್ಡು ಕೊಡುತ್ತಾರೆ. ಒಳ್ಳೆಯ ಹುಳಿ ಬಿಯರ್ ಅಂದರೆ ದುಬಾರಿ, ಬಲ್ಲವರಿಗೆ ಮಾತ್ರ ಅನ್ನುವ ನಂಬಿಕೆ ಹುಟ್ಟುವುದು ಹೀಗೆ. ಓದಿಗೋ ಕೆಲಸಕ್ಕೋ ಯುರೋಪಿಗೆ ಹೋಗಿರುವ ನಮ್ಮವರೂ ಸುಮ್ನೆ ಇದನ್ನು ನಂಬಿಬಿಡುತ್ತಾರೆ. ನಂಬಬೇಕಾಗಿಲ್ಲ. ಹುಳಿ ಮಾಡುವವರು ಯಾರು, ಅವರಿಗೆ ಎಷ್ಟು ಸಮಯ ಬೇಕು ಅನ್ನುವುದು ಗೊತ್ತಾದರೆ ಬೆಲೆಯ ಲೆಕ್ಕ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಹುಳಿ ಮಾಡುವವು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು. ಇವು ನಮಗೆ ಹೊಸಬರೇನಲ್ಲ. ಇಡ್ಲಿ ಹಿಟ್ಟನ್ನು ರಾತ್ರಿ ಉಬ್ಬಿಸುವ ಲ್ಯೂಕೊನಾಸ್ಟಾಕ್ ಇದೇ ಗುಂಪಿನದು. ಹಿಟ್ಟು ಇನ್ನಷ್ಟು ಹುಳಿಯಾದ ಮೇಲೆ ಕಾಣಿಸಿಕೊಳ್ಳುವ ಪೀಡಿಯೋಕಾಕಸ್ ಕೂಡ ಇದೇ ಗುಂಪು. ಅದರ ಹತ್ತಿರದ ನೆಂಟನೇ ಬೆಲ್ಜಿಯಂನ ಪೀಪಾಯಿಗಳಲ್ಲಿ ಕೆಲಸ ಮಾಡುತ್ತದೆ. ಇಡ್ಲಿ ಹಿಟ್ಟಿಗೆ ಯಾರೂ ಹೆಪ್ಪು ಹಾಕುವುದಿಲ್ಲ, ಅಲ್ವಾ? ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್ ಬಿಯರಿಗೂ ಹಾಕುವುದಿಲ್ಲ. ಹಾಗಾಗಿ ಇದನ್ನು ಕೆಟ್ಟುಹೋದ ಬಿಯರ್ ಅಂತ ಮೂಗು ಮುರಿಯುವವರು, ಬೆಳಗ್ಗೆ ತಟ್ಟೆಗೆ ಬರುವ ಇಡ್ಲಿಯ ಬಗ್ಗೆಯೂ ಒಮ್ಮೆ ಯೋಚಿಸಬೇಕು.

ಮಾಮೂಲಿ ಬಿಯರಿನ ಪಿಎಚ್ ಸುಮಾರು 4ರಿಂದ 4.5. ಹುಳಿ ಬಿಯರಿನದು 3.2ರಿಂದ 3.5ರ ಆಸುಪಾಸು. ನೋಡಲು ಸಣ್ಣ ವ್ಯತ್ಯಾಸ. ಆದರೆ ಈ ಅಳತೆಯಲ್ಲಿ ಒಂದಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಪಿಎಚ್ ಅನ್ನುವ ಅಳತೆಗೋಲು ಹುಟ್ಟಿದ್ದು ಕೂಡ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲೇ. 1909ರಲ್ಲಿ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಅದನ್ನು ಕೊಟ್ಟರು.

ಈ ಪ್ರಯೋಗಾಲಯದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹುಳಿಯ ಹಿಂದೆ ಜೀವಿಗಳಿವೆ ಅಂತ 1857ರಲ್ಲಿ ಹೇಳಿದ್ದು ಲೂಯಿ ಪಾಶ್ಚರ್. ಫ್ರಾನ್ಸಿನ ಲೀಲ್ ಊರಿನಲ್ಲಿ ಬೀಟ್ ಸಾರಾಯಿ ತಯಾರಿಸುತ್ತಿದ್ದವರೊಬ್ಬರ ತೊಟ್ಟಿಗಳು ಹುಳಿಯುತ್ತಿದ್ದವು. ಅವರು ಪಾಶ್ಚರ್ ಹತ್ತಿರ ಬಂದಿದ್ದರು. 1876ರಲ್ಲಿ ಪಾಶ್ಚರ್ ಬಿಯರ್ ಬಗ್ಗೆಯೇ ಪುಸ್ತಕ ಬರೆದರು. ಅದರಲ್ಲಿ ಹುಳಿಯುವುದು ಬಿಯರಿನ ಕಾಯಿಲೆ. 1883ರಲ್ಲಿ ಕಾರ್ಲ್ಸ್‌ಬರ್ಗ್‌ನ ಎಮಿಲ್ ಹ್ಯಾನ್ಸನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ಸಂತತಿ ಬೆಳೆಸುವ ದಾರಿ ತೋರಿಸಿದರು. ಅಲ್ಲಿಂದ ಮುಂದೆ ಆ ಶುದ್ಧ ಯೀಸ್ಟ್ ಬಿಟ್ಟು ಬೇರೆ ಯಾವ ಜೀವಿ ಬಿಯರಿನೊಳಗೆ ಬಂದರೂ ಕಳ್ಳನೇ. ಆದರೆ 1904ರಲ್ಲಿ ಅದೇ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್, ಇಂಗ್ಲೆಂಡಿನ ಹಳೆ ಬಿಯರುಗಳಿಗೆ ಅವುಗಳ ವಿಶಿಷ್ಟ ರುಚಿ ಬರುವುದು ಇನ್ನೊಂದು ಕಾಡು ಯೀಸ್ಟಿನಿಂದ ಅಂತ ತೋರಿಸಿದರು. ಅದಕ್ಕೆ ಬ್ರೆಟಾನೊಮೈಸಿಸ್ ಅಂತ ಹೆಸರಿಟ್ಟರು. ಲ್ಯಾಂಬಿಕ್‌ನ ಅರ್ಧ ಪರಿಮಳ ಇದರದ್ದೇ.

ಹಾಗಾದರೆ ಎಲ್ಲ ಬಿಯರೂ ಯಾಕೆ ಹುಳಿಯುವುದಿಲ್ಲ? ಕಾರಣ ಹಾಪ್ಸ್. ಈ ಹೂವಿನ ಕಹಿ ಬರೀ ರುಚಿಗೆ ಅಂತ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಅದು ಬ್ಯಾಕ್ಟೀರಿಯಾ ತಡೆಯುವ ಔಷಧ. ಅದು ಕೆಲಸ ಮಾಡುವ ರೀತಿ ಎಷ್ಟು ಸಲ ಓದಿದರೂ ನನಗೆ ಖುಷಿ ಕೊಡುತ್ತದೆ.

ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಾನೇ ಆಮ್ಲ ಮಾಡುತ್ತದೆ, ತಾನೇ ಅದರ ಮಧ್ಯೆ ಬದುಕಬೇಕು. ಅದಕ್ಕೆ ಒಳಗಿನ ಪ್ರೋಟಾನುಗಳನ್ನು, ಅಂದರೆ ಆಮ್ಲತೆ ತರುವ ಕಣಗಳನ್ನು, ಶಕ್ತಿ ಖರ್ಚು ಮಾಡಿ ಹೊರಕ್ಕೆ ದಬ್ಬುತ್ತಲೇ ಇರುತ್ತದೆ. ಹೊರಗೆ ಪ್ರೋಟಾನು ಜಾಸ್ತಿ, ಒಳಗೆ ಕಡಿಮೆ. ಈ ಏರುಪೇರಿನ ಬಲದಿಂದಲೇ ಅದು ತನಗೆ ಬೇಕಾದ ಹಲವು ಪೋಷಕಾಂಶಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಪ್ಸ್‌ನ ಕಹಿ ಆಮ್ಲಗಳು ಎಣ್ಣೆಯಂಥ ಕೋಶದ ಪೊರೆಯಲ್ಲಿ ಸಲೀಸಾಗಿ ಕರಗುತ್ತವೆ. ಹೊರಗಿನ ಒಂದು ಪ್ರೋಟಾನನ್ನು ಹೊತ್ತು ಪೊರೆ ದಾಟುತ್ತವೆ, ಒಳಗೆ ಇಳಿಸುತ್ತವೆ. ಬ್ಯಾಕ್ಟೀರಿಯಾದ ಪಾಡು ತೂತು ಬಿದ್ದ ಹರಿಗೋಲಿನಲ್ಲಿ ಕೂತವನ ಪಾಡು. ನೀರು ಮೊಗೆದು ಮೊಗೆದು ಹಾಕುವುದರಲ್ಲೇ ಶಕ್ತಿಯೆಲ್ಲ ಹೋಗುತ್ತದೆ, ಬುತ್ತಿ ಬಿಚ್ಚಲು ಬಿಡುವೇ ಇಲ್ಲ. ಸುತ್ತ ಸಕ್ಕರೆ ತುಂಬಿದ್ದರೂ ಅದು ಸೊರಗುತ್ತದೆ. ಕೆಲವು ತಳಿಗಳಿಗೆ ಮಾತ್ರ ಈ ಕಹಿ ಆಮ್ಲವನ್ನೇ ಹಿಡಿದು ಹೊರಗೆ ನೂಕುವ ವಿಶೇಷ ಪಂಪು ಇರುತ್ತದೆ. ಅಂಥ ಗಟ್ಟಿಗರೇ ಬ್ರೂವರಿಗಳಿಗೆ ತಲೆನೋವು.

ಇದರಿಂದ ಹೊಸಬರಿಗೆ ಒಂದು ಉಪಯೋಗವಿದೆ. ಕಹಿ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಆದ್ದರಿಂದ ಸಾಮಾನ್ಯವಾಗಿ ಹುಳಿ ಬಿಯರಿನಲ್ಲಿ ಕಹಿ ತೀರಾ ಕಡಿಮೆ. ಕಹಿಗಾಗಿಯೇ ಬಿಯರ್ ಬೇಡ ಅನ್ನುವವರಿಗೆ ಇದು ಹಿಡಿಸಬಹುದು.

ಈಗ ಸಮಯದ ಮಾತು. ಲ್ಯಾಂಬಿಕ್ ಮಾಡುವವರು ಚಳಿಯ ತಿಂಗಳುಗಳಲ್ಲಿ ಬಾರ್ಲಿ ಮಾಲ್ಟ್ ಮತ್ತು ಗೋಧಿಯ ಸಿಹಿ ರಸ ಕುದಿಸುತ್ತಾರೆ. ಹಾಪ್ಸ್ ಹಾಕುತ್ತಾರೆ, ಆದರೆ ಹಳೆಯದು, ಕಹಿ ಹೋದದ್ದು. ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಬೆಳಗ್ಗೆ ಪೀಪಾಯಿಗೆ ತುಂಬುತ್ತಾರೆ. ಮೊದಲ ತಿಂಗಳು ಕರುಳಿನ ಬ್ಯಾಕ್ಟೀರಿಯಾಗಳ ಬಳಗದ್ದೇ ದರ್ಬಾರು. ಆಮೇಲೆ ಮಾಮೂಲಿ ಯೀಸ್ಟ್ ಬಂದು ಆಲ್ಕೋಹಾಲ್ ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಪೀಡಿಯೋಕಾಕಸ್ ನಿಧಾನವಾಗಿ ಹುಳಿ ಏರಿಸುತ್ತದೆ. ಈ ಹಂತದಲ್ಲಿ ಬಿಯರ್ ಲೋಳೆಯಾಗಿ ನೂಲು ನೂಲಾಗುವುದೂ ಉಂಟು. ಕೊನೆಗೆ ಬ್ರೆಟಾನೊಮೈಸಿಸ್ ಆ ಲೋಳೆಯನ್ನೂ ಒಡೆದು, ಉಳಿದ ಸಕ್ಕರೆಯನ್ನೂ ತಿಂದು ಮುಗಿಸುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಯಲ್ಲಿ ಮತ್ತೆ ಹುದುಗಿಸಿದರೆ ಗ್ಯೂಜ್. ಮೂರು ವರ್ಷ ಜಾಗ, ಪೀಪಾಯಿ, ಬಂಡವಾಳ ಎಲ್ಲ ಸುಮ್ಮನೆ ಕೂತಿರುತ್ತವೆ. ಬೆಲೆ ಇರುವುದು ಅದಕ್ಕೆ.

ಬ್ರಸೆಲ್ಸ್ ಕಡೆಯ ಗಾಳಿಯಲ್ಲೇ ಏನೋ ಮಹಿಮೆಯಿದೆ, ಬೇರೆಲ್ಲೂ ಇದು ಆಗದು ಅನ್ನುವ ಮಾತೂ ಇದೆ. ಅಮೆರಿಕದ ತೆರೆದ ತೊಟ್ಟಿಯ ಬಿಯರುಗಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜೀವಿಗಳು ಬಹುತೇಕ ಇದೇ ಸರದಿಯಲ್ಲಿ ಬಂದುಹೋಗಿದ್ದವು. ಮರದ ಪೀಪಾಯಿ, ಹಳೆಯ ಗೋಡೆ, ತಾಳ್ಮೆಗೆ ಸಲ್ಲಬೇಕಾದ ಹೆಸರನ್ನು ಗಾಳಿಗೆ ಕೊಡುವುದು ನ್ಯಾಯವಲ್ಲ.

ಅಗ್ಗದ ದಾರಿಯೂ ಇದೆ. ಸಿಹಿ ರಸವನ್ನು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು ಲ್ಯಾಕ್ಟೋಬ್ಯಾಸಿಲಸ್ ಹಾಕಿದರೆ ಒಂದೆರಡು ದಿನದಲ್ಲಿ ಹುಳಿ ಬರುತ್ತದೆ. ಮತ್ತೆ ಕುದಿಸಿ ಬ್ಯಾಕ್ಟೀರಿಯಾ ಸಾಯಿಸಿ, ಮಾಮೂಲಿ ಯೀಸ್ಟ್ ಹಾಕಿದರಾಯಿತು. ಕ್ಯಾನಿನಲ್ಲಿ ಬರುವ ಹಣ್ಣಿನ ಹುಳಿ ಬಿಯರುಗಳು, ಜರ್ಮನಿ ಮೂಲದ ಬರ್ಲಿನರ್ ವೈಸ್ ಮತ್ತು ಗೋಸ ಬಿಯರುಗಳಲ್ಲಿ ಇವತ್ತಿನ ಹಲವು ಹೀಗೆ ಆಗುವಂಥವು. ಗೋಸ ಲೈಪ್‌ಜಿಗ್ ಊರಿನ ಬಿಯರ್, ಅದಕ್ಕೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ನಮ್ಮ ನಾಲಗೆಗೆ ಬೇಗ ಒಗ್ಗುತ್ತದೆ ಅಂತ ನನ್ನ ಅಭಿಪ್ರಾಯ. ಇವುಗಳ ಹುಳಿ ನೇರ, ಸರಳ. ಪೀಪಾಯಿಯ ಆಳ ಇರುವುದಿಲ್ಲ. ಅದು ದೋಷವಲ್ಲ. ಆದರೆ ಎರಡು ದಿನದ ಹುಳಿಗೆ ಮೂರು ವರ್ಷದ ಬೆಲೆ ಕೇಳಿದರೆ ಕೊಡಬೇಡಿ.

ಮಧ್ಯದ ದಾರಿ ರೋಡನ್‌ಬಾಖ್. 1821ರಿಂದ ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನ ರೂಸೆಲಾರೆಯಲ್ಲಿರುವ ಬ್ರೂವರಿ. ಇಲ್ಲಿ ಬಿಯರ್ ಎರಡು ವರ್ಷ ಆಳೆತ್ತರ ಮೀರಿದ ಓಕ್ ಪೀಪಾಯಿಗಳಲ್ಲಿ ಮಾಗುತ್ತದೆ. ಮರದ ಮೂಲಕ ಸ್ವಲ್ಪ ಸ್ವಲ್ಪ ಆಮ್ಲಜನಕ ನುಸುಳುವುದರಿಂದ ವಿನೆಗರಿನ ಅಸಿಟಿಕ್ ಆಮ್ಲವೂ ತುಸು ಹುಟ್ಟುತ್ತದೆ. ಅವರ ಕ್ಲಾಸಿಕ್ ಬಾಟಲಿಯಲ್ಲಿ ಮಾಗಿದ ಬಿಯರ್ ಕಾಲುಭಾಗ ಮಾತ್ರ, ಮುಕ್ಕಾಲು ಎಳೆಯದು. ಸಮಯದ ಖರ್ಚು ಹಂಚಿಹೋಗುವುದರಿಂದಲೇ ಅದು ಅಗ್ಗ. ಹುಳಿಯ ಜೊತೆ ಸಿಹಿಯೂ ಇರುವುದರಿಂದ ಹೊಸಬರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ಹುಳಿ ಬಿಯರ್ ಹೊಟ್ಟೆಗೆ ಒಳ್ಳೆಯದು, ಮಜ್ಜಿಗೆಯ ಹಾಗೆ ಅನ್ನುವವರನ್ನು ಮಾತ್ರ ದಯವಿಟ್ಟು ನಂಬಬೇಡಿ. ಕುದಿಸಿದ ಬಿಯರಿನಲ್ಲಿ ಆ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಬದುಕಿದ್ದರೂ ಜೊತೆಗೆ ಆಲ್ಕೋಹಾಲ್ ಇದೆ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಕುಡಿಯದವರು ಇದಕ್ಕಾಗಿ ಶುರು ಮಾಡುವ ಕಾರಣವೇ ಇಲ್ಲ. ಕುಡಿಯುವವರೂ ಸಣ್ಣ ಬಾಟಲಿಯನ್ನೇ ಕೊಳ್ಳಲಿ.

ಗ್ಯೂಜ್ ಕೊಳ್ಳುವಾಗ ಲೇಬಲ್ ಮೇಲೆ ಡಚ್‌ನಲ್ಲಿ 'ಔಡ' ಅಂತಲೋ ಫ್ರೆಂಚ್‌ನಲ್ಲಿ 'ವ್ಯೆಯ್' ಅಂತಲೋ (ಎರಡಕ್ಕೂ 'ಹಳೆಯ' ಅಂತ ಅರ್ಥ) ಇದೆಯಾ ನೋಡಿ. 1997ರಿಂದ ಈ ಹೆಸರಿಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆಯಿದೆ. ಒಳಗಿನ ಅತಿ ಹಳೆಯ ಲ್ಯಾಂಬಿಕ್‌ಗೆ ಮೂರು ವರ್ಷ ಆಗಿರಲೇಬೇಕು. ಆ ಪದ ಇಲ್ಲದ ಬಾಟಲಿಗಳಲ್ಲಿ ಸಿಹಿ ಬೆರೆಸಿದವು ಬಹಳ. ತಣ್ಣಗೆ ಕೊರೆಯುವಷ್ಟು ಇಡಬೇಡಿ, ಪರಿಮಳ ಏಳುವುದಿಲ್ಲ. ಮೊದಲ ಗುಟುಕು ನೋಡಿ ತೀರ್ಮಾನ ಮಾಡಬೇಡಿ. ಹುಳಿ ತಾಕಿದ ಕೂಡಲೇ ಬಾಯಲ್ಲಿ ಜೊಲ್ಲು ಒಸರುತ್ತದೆ, ಅದರಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ತಗ್ಗಿಸುತ್ತದೆ. ಎರಡನೆಯ, ಮೂರನೆಯ ಗುಟುಕಿಗೆ ಹುಳಿ ಹಿಂದೆ ಸರಿದು, ಅದರ ಹಿಂದಿರುವ ಓಕ್, ಸೇಬಿನ ಸಿಪ್ಪೆ, ಒಣಹುಲ್ಲಿನ ವಾಸನೆಗಳು ಒಂದೊಂದಾಗಿ ಸಿಗುತ್ತವೆ.