ನೆಟ್‌ನಲ್ಲಿ ಸಿಕ್ಕಿದ್ದು ಸಾರ್

ಬಳ್ಳಾರಿಯ ಜೀನ್ಸ್ ಘಟಕದ ಮಾಲೀಕರೊಬ್ಬರು ಒಂದು ಕೈಯಲ್ಲಿ ಪ್ಯಾಂಟ್, ಇನ್ನೊಂದು ಕೈಯಲ್ಲಿ ನೋಟಿಸ್ ಹಿಡಿದು ನನ್ನ ಆಫೀಸಿಗೆ ಬಂದರು. ಪ್ಯಾಂಟಿನ ಟ್ಯಾಗ್ ಮೇಲೆ ನೀವೆಲ್ಲ ನೋಡಿರುವ ಚಿತ್ರ. ಹುಡುಗಿಯ ಜೊತೆ ಹೋಗುತ್ತಿರುವ ಹುಡುಗ ತಿರುಗಿ ಇನ್ನೊಬ್ಬಳನ್ನು ನೋಡುತ್ತಾನಲ್ಲ, ಅದೇ. ಆ ಇನ್ನೊಬ್ಬಳ ಜಾಗದಲ್ಲಿ ಇವರ ಜೀನ್ಸ್. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹುಡುಗನ ಚೌಕಳಿ ಅಂಗಿಯ ಮೇಲೆ ಫೋಟೋ ಏಜೆನ್ಸಿಯ ವಾಟರ್‌ಮಾರ್ಕ್ ಮಸುಕಾಗಿ ಹಾಗೇ ಉಳಿದಿದೆ!

"ನೆಟ್‌ನಲ್ಲಿ ಸಿಕ್ಕಿದ್ದು ಸಾರ್. ಮೀಮ್ ಅಂದ್ರೆ ಎಲ್ಲರದ್ದೂ ಅಲ್ವಾ?"

ಅಲ್ಲ. ವರ್ಷಕ್ಕೆ ಹತ್ತು ಸಲ ಹೇಳುತ್ತೇನೆ, ಅಲ್ಲ. ನಿಮ್ಮ ಮನೆ ಓಣಿಗೆಲ್ಲ ಗೊತ್ತು, ಹಾಗಂತ ಓಣಿಯವರೆಲ್ಲ ಬಂದು ಮಲಗಬಹುದಾ?

ಮೀಮ್ ಎಂಬ ಪದವನ್ನು 1976ರಲ್ಲಿ ಹುಟ್ಟಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ತಲೆಯಿಂದ ತಲೆಗೆ ನಕಲಾಗುತ್ತಾ ಹರಡುವ ವಿಚಾರಕ್ಕೆ ಅವರು ಇಟ್ಟ ಹೆಸರು ಅದು. ವಿಚಾರಕ್ಕೆ ಕಾಪಿರೈಟ್ ಇಲ್ಲ. 1978ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ. ಆದರೆ ಆ ವಿಚಾರ ಹೊತ್ತು ತಿರುಗುವ ಫೋಟೋಗೆ ಮಾಲೀಕ ಇರುತ್ತಾನೆ. ಮೇಲಿನ ಫೋಟೋ ಸ್ಪೇನ್‌ನ ಆಂಟೋನಿಯೋ ಗಿಲ್ಲೆಮ್ 2015ರಲ್ಲಿ ತೆಗೆದದ್ದು. ದುಡ್ಡು ಕೊಟ್ಟು ಲೈಸನ್ಸ್ ಪಡೆಯುವ ಚಿತ್ರ. 2017ರಲ್ಲಿ ಜನ ಅದನ್ನು ಮೀಮ್ ಮಾಡಿದರು, ಮಾಲೀಕತ್ವ ಮಾತ್ರ ಬದಲಾಗಲಿಲ್ಲ.

ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಸಾಮಾನ್ಯವಾಗಿ ಯಾರೂ ಬೆನ್ನು ಹತ್ತುವುದಿಲ್ಲ. ಸರಕು ಮಾರಲು ಬಳಸಿದರೆ ಕಥೆಯೇ ಬೇರೆ. ಮರಳು ಹಿಡಿದು ಮುಷ್ಟಿ ಬಿಗಿದ ಪುಟ್ಟ ಮಗುವಿನ ಮೀಮ್ ನೆನಪಿದೆಯಾ? 2007ರಲ್ಲಿ ತಾಯಿಯೇ ತೆಗೆದ ಫೋಟೋ ಅದು. ಅಮೆರಿಕದ ಸಂಸದ ಸ್ಟೀವ್ ಕಿಂಗ್ ಅವರ ಪ್ರಚಾರ ಸಮಿತಿ ಚಂದಾ ಎತ್ತಲು ಅದನ್ನು ಬಳಸಿತು. ತಾಯಿ ಕೋರ್ಟಿಗೆ ಹೋದರು, 2022ರಲ್ಲಿ ಸಮಿತಿ ಸೋತಿತು. ಪರಿಹಾರ 750 ಡಾಲರ್.

"ಅಷ್ಟೇನಾ?" ಎಂದು ಮಾಲೀಕರು ನಕ್ಕರು. ಅಷ್ಟಕ್ಕಾಗಿ ಎಷ್ಟು ವರ್ಷ ವಕೀಲರ ಫೀಸು ಕಟ್ಟಿದರು ಅಂತ ಕೇಳಿ ಸ್ವಾಮಿ, ಎಂದೆ. ನಗು ನಿಂತಿತು.

ಅವರ ನೋಟಿಸಿನ ಕಥೆ ಏನಾಗುತ್ತದೋ ಈಗಲೇ ಹೇಳಲಾರೆ. ಪ್ರತಿ ಪ್ರಕರಣವೂ ಬೇರೆ. ಸದ್ಯಕ್ಕೆ ಟ್ಯಾಗ್‌ಗಳನ್ನು ಕಿತ್ತು ಹಾಕಿಸಿದೆ. ಬೇಕಿದ್ದರೆ ಅದೇ ತಮಾಷೆಗೆ ಸ್ವಂತ ಫೋಟೋ ತೆಗೆಸಿ, ಆದರೆ ಆ ಚಿತ್ರದ ಪಡಿಯಚ್ಚು ಆಗಬಾರದು ಎಂದೆ.

ವಾರದಲ್ಲಿ ಮತ್ತೆ ಬಂದರು. ಮೊಬೈಲ್‌ನಲ್ಲಿ ಅವರ ಅಳಿಯ ಕೌಲ್ ಬಜಾರ್‌ನಲ್ಲಿ ಹೆಂಡತಿಯ ಕೈ ಬಿಟ್ಟು ಮಿರ್ಚಿ ಬಂಡಿ ಕಡೆ ಬಾಯಿ ತೆರೆದು ನೋಡುತ್ತಿದ್ದಾನೆ. ಮೂಲಕ್ಕಿಂತ ಇದೇ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಹಾಗಾಗಿ ಎಷ್ಟು ಕೊಟ್ಟಿರಿ ಎಂದು ಕೇಳಿದೆ.

"ಏನೂ ಇಲ್ಲ ಸಾರ್. ಗುರ್ತಿನ ಹುಡುಗ, ಸುಮ್ನೆ ತೆಗೆದುಕೊಟ್ಟ."