ಟವರ್ ಕಾಣಿಸಿದರೆ ಸಾಲದು, ಮಳೆಗಾಲದಲ್ಲೂ ಕಾಣಿಸಬೇಕು

ಸಾಗರದ ಹತ್ತಿರ ಒಂದು ತೋಟದ ಮನೆಗೆ ಏಪ್ರಿಲ್‌ನಲ್ಲಿ ಇಂಟರ್ನೆಟ್ ತರುವ ವೈರ್‌ಲೆಸ್ ಲಿಂಕ್ ಹಾಕಿಕೊಟ್ಟಿದ್ದೆ. ಗುಡ್ಡದ ಮೇಲಿನ ಟವರಿನಿಂದ ಹತ್ತು ಕಿಲೋಮೀಟರ್. ಹಂಚಿನ ಮಾಡಿನ ಪಕ್ಕ ಜಿಐ ಪೈಪ್ ನಿಲ್ಲಿಸಿ, ಡಿಶ್ ತಿರುಗಿಸಿ ನೋಡಿದರೆ ಸಿಗ್ನಲ್ ಮೈನಸ್ 62 ಡಿಬಿಎಂ (ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ತುಂಬಾ ಚೆನ್ನಾಗಿತ್ತು. ಮನೆಯ ಹುಡುಗಿ ಅವತ್ತೇ ಜಗಲಿಯಲ್ಲಿ ಕೂತು ಬೆಂಗಳೂರಿನ ಆಫೀಸ್ ಮೀಟಿಂಗ್ ಮುಗಿಸಿದಳು. ಜುಲೈನಲ್ಲಿ ಅವಳ ಅಪ್ಪನ ಫೋನ್: "ಏನೂ ಬರ್ತಾ ಇಲ್ಲ ಮಾರಾಯ್ರೇ." ಹೋಗಿ ನೋಡಿದೆ, ಮೈನಸ್ 81. ಡಿಶ್ ಒಂದಿಷ್ಟೂ ಅಲುಗಿರಲಿಲ್ಲ. ನಡುವಿನ ದಿಬ್ಬದಲ್ಲಿ ಏಪ್ರಿಲ್‌ನಲ್ಲಿ ಬೋಳಾಗಿದ್ದ ಸಾಗುವಾನಿ ಮರಗಳು ಈಗ ಮೊರದಗಲ ಎಲೆ ಬಿಟ್ಟು, ಮಳೆಯಲ್ಲಿ ತೊಯ್ದು ನಿಂತಿದ್ದವು.

ನಾವು ಬಳಸುವ 5 ಗಿಗಾಹರ್ಟ್ಸ್ ಅಲೆಗೆ ಮಳೆಯಿಂದ ಅಂಥಾ ತೊಂದರೆ ಇಲ್ಲ. ಒದ್ದೆ ಎಲೆ ಮಾತ್ರ ಅದನ್ನು ನುಂಗಿಬಿಡುತ್ತದೆ. ಅಲೆ ದಾರದ ಹಾಗೆ ನೇರ ಗೆರೆಯಲ್ಲಿ ಬರುವುದೂ ಇಲ್ಲ. ಹತ್ತು ಕಿಲೋಮೀಟರ್ ಲಿಂಕಿನ ನಟ್ಟನಡುವೆ ಅದು ಗೆರೆಯ ಸುತ್ತ ಸುಮಾರು 11 ಮೀಟರ್ ಹರಡಿರುತ್ತದೆ, ಅದರಲ್ಲಿ ಕನಿಷ್ಠ 7 ಮೀಟರ್ ಖಾಲಿ ಇರಲೇಬೇಕು. ಅಲೆ ಹರಡುವ ಈ ಜಾಗವನ್ನೇ ಫ್ರೆನೆಲ್ ವಲಯ ಅನ್ನುತ್ತೇವೆ. ಬೇಸಿಗೆಯಲ್ಲಿ ನಾನು ಅಳೆದದ್ದು ಬೋಳು ಕೊಂಬೆಗಳ ನಡುವಿನ ಜಾಗವನ್ನು.

ದೂರ ಹೋಗಲ್ಲ ಅಂತಲ್ಲ. 2007ರಲ್ಲಿ ವೆನೆಜುವೆಲಾದಲ್ಲಿ ವೈರ್‌ಲೆಸ್ ತಜ್ಞ ಎರ್ಮಾನ್ನೊ ಪಿಯೆತ್ರೊಸೆಮೊಲಿ ಅವರ ತಂಡ ಬೆಟ್ಟದಿಂದ ಬೆಟ್ಟಕ್ಕೆ 382 ಕಿಲೋಮೀಟರ್ ದೂರ ವೈಫೈ ದಾಟಿಸಿತು. ನಮ್ಮ ಪಕ್ಕದ ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಡಾಕ್ಟರು ಹಳ್ಳಿಯ ರೋಗಿಗಳನ್ನು ಇಂಥದ್ದೇ ಲಿಂಕ್ ಮೂಲಕ ವಿಡಿಯೋದಲ್ಲಿ ನೋಡುತ್ತಿದ್ದರು. ಕಾಡಿನ ನಡುವೆ ಎಳೆದ ಕೇಬಲ್ ಮೇಲೆ ಮಳೆಗಾಲದಲ್ಲಿ ಮರ ಬಿದ್ದು, ವಾರಗಟ್ಟಲೆ ನೆಟ್ ಇಲ್ಲದೆ ಕೂತವರಿಗೆ ಇದರ ಬೆಲೆ ಗೊತ್ತು.

ಮೋಸ ಇರುವುದು ಪ್ರಚಾರದ ಅಂಕಿಯಲ್ಲಿ. ದೂರದವರೆಗೆ ಇಂಟರ್ನೆಟ್ ಕೊಡುವ ವೈಮ್ಯಾಕ್ಸ್ ಎಂಬ ವೈರ್‌ಲೆಸ್ ತಂತ್ರಜ್ಞಾನ ಬಂದಾಗ 50 ಕಿಲೋಮೀಟರ್ ದೂರ, 70 ಎಂಬಿಪಿಎಸ್ ವೇಗ ಅಂದರು. ಎರಡೂ ಒಟ್ಟಿಗೆ ಸಿಗುವುದಿಲ್ಲ. ದೂರ ಹೋದಷ್ಟೂ ವೇಗ ಇಳಿಯುತ್ತದೆ. ಮೇಲಾಗಿ ಆ ವೇಗ ಟವರಿನದ್ದು, ನಿಮ್ಮ ಮನೆಯದ್ದಲ್ಲ. ರಾತ್ರಿ ಎಂಟಕ್ಕೆ ನಲವತ್ತು ಮನೆಯವರು ಒಟ್ಟಿಗೆ ವಿಡಿಯೋ ಹಾಕಿದರೆ ಹಂಚಿಕೊಂಡೇ ತಿನ್ನಬೇಕು ಅಲ್ವಾ? ಮೊಬೈಲ್ ಟವರಿನಿಂದ ಮನೆಗೆ ನೆಟ್ ಕೊಡುವ ಈಗಿನ 5ಜಿ ಏರ್‌ಫೈಬರ್‌ಗೂ ಇದೇ ಲೆಕ್ಕ. ಹಾಕಿಸುವ ಮೊದಲು ಈಗಾಗಲೇ ಹಾಕಿಸಿಕೊಂಡ ಪಕ್ಕದ ಮನೆಗೆ ರಾತ್ರಿ ಹೊತ್ತು ಹೋಗಿ ಸ್ಪೀಡ್ ನೋಡಿ ಬನ್ನಿ.

ಆ ಮನೆಗೆ ಕೊನೆಗೆ ದಿಬ್ಬದ ಮೇಲೇ, ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಒಂದು ರಿಲೇ ಇಟ್ಟೆವು. ಅಲ್ಲಿ ಕರೆಂಟಿಲ್ಲ, ಸೋಲಾರ್ ಪ್ಲೇಟು, ಬ್ಯಾಟರಿ ಹೊತ್ತುಕೊಂಡು ಹತ್ತಿದೆವು. ಆಗಸ್ಟ್‌ನಲ್ಲಿ ನಾಲ್ಕು ದಿನ ಬಿಸಿಲೇ ಬರದೆ ಅದೂ ನಿಂತಿತ್ತು. ಈಗ ಬ್ಯಾಟರಿ ಎರಡಾಗಿದೆ.